ಬೆಂಕಿ ನಂದಿಸುವ ಕೆಲಸದಿಂದ ಕ್ಯಾನ್ಸರ್ ಬರಬಹುದೇ? ತಡೆಯುವುದು ಹೇಗೆ?

ದಾವಣಗೆರೆಯಲ್ಲಿ ಅಗ್ನಿಶಾಮಕ ಸಿಬ್ಬಂದಿಯಾಗಿರುವ ತಮ್ಮನ ಬಗ್ಗೆ ನೀವು ಕೇಳಿದ್ದೀರಿ. ಅಪಾಯವಿರುವುದು ನಿಜ, ಅದನ್ನು ತಗ್ಗಿಸುವ ದಾರಿಗಳೂ ಇವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2022ರಲ್ಲಿ ಈ ವೃತ್ತಿಯನ್ನು ಕ್ಯಾನ್ಸರ್‌ಕಾರಕಗಳ 1ನೇ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆಂದು ಖಚಿತವಾದವುಗಳ ಪಟ್ಟಿಗೆ, ಸೇರಿಸಿತು. ಮೂತ್ರಕೋಶದ ಕ್ಯಾನ್ಸರ್ ಮತ್ತು ಕಲ್ನಾರಿನ ಧೂಳಿನಿಂದ ಬರುವ ಮೀಸೋಥೀಲಿಯೋಮಾ (ಹೆಚ್ಚಾಗಿ ಶ್ವಾಸಕೋಶದ ಹೊರಪೊರೆಗೆ ಬರುವ ಕ್ಯಾನ್ಸರ್) ವಿಷಯದಲ್ಲಿ ಸಾಕಷ್ಟು ಪುರಾವೆಯಿದೆ ಎಂಬುದು ಅದರ ತೀರ್ಮಾನ.

ಹತ್ತಿಯ ಗೋದಾಮಿರಲಿ, ಚಳ್ಳಕೆರೆಯ ಎಣ್ಣೆ ಗಿರಣಿಯಿರಲಿ, ಉರಿಯುವಾಗ ಅಲ್ಲಿನ ಪ್ಲಾಸ್ಟಿಕ್ಕು, ವೈರು, ಬಣ್ಣಗಳಿಂದ ಬೆಂಜೀನ್, ಫಾರ್ಮಾಲ್ಡಿಹೈಡ್‌ನಂತಹ ವಿಷಗಳು ಹೊರಬರುತ್ತವೆ. ಇವು ಉಸಿರಿನಿಂದ ಮಾತ್ರವಲ್ಲ, ಕತ್ತು, ಮಣಿಕಟ್ಟುಗಳ ಬೆವರಿದ ಚರ್ಮದ ಮೂಲಕವೂ ದೇಹ ಸೇರುತ್ತವೆ. ಜ್ವಾಲೆ ಆರಿದ ಮೇಲೆ ಬೂದಿ ಕೆದಕಿ ಕಿಡಿ ಹುಡುಕುವ ಹೊತ್ತಿನಲ್ಲಿ, ಅದರಲ್ಲೂ ನಮ್ಮ ಏಪ್ರಿಲ್ ಬಿಸಿಲಿನಲ್ಲಿ, ಮುಖಕವಚ ತೆಗೆದುಬಿಡಬೇಕೆನ್ನಿಸುವುದು ಸಹಜವಾದರೂ, ಆಗಲೂ ಗಾಳಿಯಲ್ಲಿ ವಿಷವಿರುವುದರಿಂದ ಉಸಿರಾಟದ ಸಾಧನವನ್ನು ಕಳಚಬಾರದೆಂದು ತಮ್ಮನಿಗೆ ಒತ್ತಿ ಹೇಳಿ.

ಕೆಲಸ ಮುಗಿದೊಡನೆ ಸ್ಥಳದಲ್ಲಿಯೇ ಉಡುಪಿನ ಮಸಿ ತೊಳೆದು, ಮುಖ, ಕತ್ತು, ಕೈಗಳನ್ನು ಒರೆಸಿಕೊಂಡು, ಸಾಧ್ಯವಾದರೆ ಒಂದು ಗಂಟೆಯೊಳಗೆ ಸೋಪು ಹಚ್ಚಿ ಸ್ನಾನ ಮಾಡಬೇಕು. ಮಸಿಯ ಬಟ್ಟೆಯನ್ನು ಮನೆಗೆ ತಂದು ಮಕ್ಕಳ ಬಟ್ಟೆಯೊಡನೆ ಒಗೆಯಲೇಬಾರದು. ಬೀಡಿ, ಸಿಗರೇಟು ಮೂತ್ರಕೋಶದ ಕ್ಯಾನ್ಸರಿಗೂ ಮುಖ್ಯ ಕಾರಣವಾದ್ದರಿಂದ ಅವನ್ನು ಬಿಡಬೇಕು. ನೋವಿಲ್ಲದಿದ್ದರೂ ಮೂತ್ರದಲ್ಲಿ ರಕ್ತ ಒಮ್ಮೆ ಕಂಡರೂ ಸಾಕು, ಮುಜುಗರಪಡದೆ, ತಡಮಾಡದೆ ವೈದ್ಯರನ್ನು ಕಂಡು, ತಮ್ಮ ವೃತ್ತಿಯನ್ನೂ ಅವರಿಗೆ ತಿಳಿಸಲಿ.