ಅಗ್ಗದ ಅಕ್ಕಿ ಬಂದರೆ ಬಡ ದೇಶಕ್ಕೆ ಒಳ್ಳೆಯದೇ ಅಲ್ವಾ?

ಹೊರಗಿನಿಂದ ಅಗ್ಗದ ಅಕ್ಕಿ ಬರುವಾಗ ಬಡ ದೇಶಗಳು ಆಮದು ಸುಂಕ ಯಾಕೆ ಹಾಕಬೇಕು, ಬಡವರ ಹೊಟ್ಟೆ ತುಂಬಿದರೆ ಸಾಲದೇ ಅಂತ ಕೇಳಿದ್ದೀರಿ. ಕೆರಿಬಿಯನ್ ಸಮುದ್ರದ ಬಡ ದೇಶ ಹೈಟಿಯಲ್ಲಿ ಏನಾಯ್ತು ಅಂತ ಒಮ್ಮೆ ನೋಡಿ.

ಅಲ್ಲಿನ ಆರ್ಟಿಬೊನೈಟ್ ಕಣಿವೆಯಲ್ಲಿ ಚೆನ್ನಾಗಿ ಭತ್ತ ಬೆಳೆಯುತ್ತಿತ್ತು. 1980ರ ದಶಕದವರೆಗೂ ದೇಶಕ್ಕೆ ಬೇಕಾದ ಅಕ್ಕಿಯಲ್ಲಿ ಹೆಚ್ಚಿನ ಪಾಲು ಅಲ್ಲೇ ಸಿಗುತ್ತಿತ್ತು. ಸಾಲ ಕೊಡುವವರ ಒತ್ತಡಕ್ಕೆ ಮಣಿದು 1995ರಲ್ಲಿ ಅಕ್ಕಿಯ ಸುಂಕವನ್ನು 3 ಶೇಕಡಕ್ಕೆ ಇಳಿಸಿದರು. ಅಮೆರಿಕದ ಅಕ್ಕಿ ನುಗ್ಗಿತು. ಅಮೆರಿಕದ ರೈತರಿಗೆ ಸರ್ಕಾರದ ಸಹಾಯಧನ ಇದೆ. ಅಂಥವರ ಜೊತೆ ಹೈಟಿಯ ತುಂಡು ಗದ್ದೆಯ ರೈತ ಹೇಗೆ ಪೈಪೋಟಿ ಮಾಡಬೇಕು? ಎಷ್ಟೋ ಜನ ಗದ್ದೆ ಬಿಟ್ಟು ರಾಜಧಾನಿ ಪೋರ್ಟ್-ಔ-ಪ್ರಿನ್ಸ್ ಸೇರಿದರು.

ಕೆಲವು ವರ್ಷ ಪೇಟೆಯವರಿಗೆ ಅನುಕೂಲವೇ ಆಯಿತು, ಅದು ಸುಳ್ಳಲ್ಲ. ಆದರೆ 2008ರಲ್ಲಿ ಪ್ರಪಂಚದಾದ್ಯಂತ ಅಕ್ಕಿ ಬೆಲೆ ಏರಿದಾಗ ಹಸಿದವರು ಬೀದಿಗಿಳಿದರು, ಪ್ರಧಾನಿಯೇ ಕುರ್ಚಿ ಬಿಡಬೇಕಾಯಿತು. ಸುಂಕ ಇಳಿಸಿದಾಗ ಅಮೆರಿಕದ ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನ್ 2010ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ, ಆ ನೀತಿಯಿಂದ ತಮ್ಮ ಅರ್ಕನ್ಸಾ ರಾಜ್ಯದ ಕೆಲವು ರೈತರಿಗೆ ಲಾಭವಾಗಿರಬಹುದು, ಆದರೆ ಅದು ತಪ್ಪಾಗಿತ್ತು ಅಂತ ಒಪ್ಪಿಕೊಂಡರು. ಅಷ್ಟರಲ್ಲಿ ಒಂದು ತಲೆಮಾರಿನ ರೈತರು ನೆಲ ಕಚ್ಚಿದ್ದರು. ನನಗೆ ಇದು ಈಗಲೂ ಸಂಕಟದ ವಿಷಯ.

ಹಾಗಂತ ಸುಮ್ನೆ ಸುಂಕ ಏರಿಸಿದರೆ ಸಾಲದು. ಬೆಲೆ ಏರಿದರೆ ಮೊದಲು ಸಂಕಟ ಪಡುವವರು ಕೊಂಡು ತಿನ್ನುವ ಬಡವರೇ. ಕಾಲುವೆ, ಗೊಬ್ಬರ, ಸಾಲ, ರಸ್ತೆ ಎಲ್ಲವೂ ಜೊತೆಗೇ ಬೇಕು. ಸುಂಕದಿಂದ ರೈತರಿಗೆ ಸಿಗುವುದು ಸ್ವಲ್ಪ ಕಾಲಾವಕಾಶ. ಹೈಟಿಯ ರೈತರಿಗೆ ಅದೂ ಸಿಗಲಿಲ್ಲ.