ಸೊಂಟದ ಪ್ಯಾಡ್ ಬೇಡ ಅನ್ನುವ ಅಜ್ಜಿಯರು

ತಂಗೀ, ಮಂಡ್ಯದಿಂದ ಇಂಗ್ಲೆಂಡಿನ ಕೇರ್ ಹೋಮ್‌ಗೆ, ಅಂದರೆ ವಯಸ್ಸಾದವರನ್ನ ನೋಡ್ಕೊಳ್ಳೋ ಮನೆಗೆ, ಕೆಲಸಕ್ಕೆ ಬಂದು ಇನ್ನೂ ತಿಂಗಳಾಗಿಲ್ಲ, "ಬಿದ್ದರೆ ಸೊಂಟ ಮುರಿಯದಿರಲಿ ಅಂತ ಹಿಪ್ ಪ್ರೊಟೆಕ್ಟರ್ ಕೊಟ್ಟರೆ ಅಜ್ಜಿಯರು ಹಾಕ್ಕೊಳ್ಳೋದೇ ಇಲ್ಲ, ಏನ್ ಮಾಡ್ಲಿ ಅಕ್ಕ?" ಅಂತ ಕೇಳಿದ್ದೀಯ. ಅದೇ, ಎರಡೂ ಪಕ್ಕ ಪ್ಯಾಡ್ ಇರೋ ಆ ಚಡ್ಡಿ. ಚಳಿ, ಮನೆಬಾಡಿಗೆ ಎಲ್ಲ ನಿಧಾನಕ್ಕೆ ಒಗ್ಗುತ್ತೆ; ರಾಗಿಹಿಟ್ಟು ಇಂಡಿಯನ್ ಅಂಗಡೀಲಿ ಸಿಗುತ್ತೆ. ಈ ಪ್ಯಾಡಿನ ವಿಷಯ ಮಾತ್ರ ಬಿಡಿಸಿ ಹೇಳ್ತೀನಿ. ನಾನು ಬಂದ ಹೊಸದರಲ್ಲಿ ಹೇಳಿಕೊಡೋರು ಯಾರೂ ಇರಲಿಲ್ಲ.

ಬೇಡ ಅನ್ನೋದು ಹಟ ಅಲ್ಲ ಕಣಮ್ಮ. ಹೆಚ್ಚಾಗಿ ಟಾಯ್ಲೆಟ್ಟಿನ ಭಯ. ಬಿಗಿ ಚಡ್ಡಿ, ನಡುಗುವ ಕೈ. ಇಳಿಸೋ ಹೊತ್ತಿಗೆ ಒದ್ದೆಯಾದರೆ ಮಾನ ಹೋಯ್ತು ಅನ್ನೋ ಸಂಕಟ. ಅದಕ್ಕೆ ಮೊದಲು ಸೈಜ್ ನೋಡು. ಡೈಪರ್ ಹಾಕೋರಿಗೆ ಅದರ ಮೇಲಿಂದಲೇ, ಸೊಂಟದ ಕೆಳಗೆ ಅತಿ ಅಗಲ ಇರೋ ಕಡೆ ಟೇಪ್ ಹಿಡಿ. ಕೂರಿಸಿ ಎರಡೂ ಕಾಲು ತೂರಿಸಿ ಮಂಡಿವರೆಗೆ ಏರಿಸು, ಆಮೇಲೆ ನಿಲ್ಲಿಸಿ ಮೇಲೆಳಿ. ತೊಡೆ ಮೇಲ್ಭಾಗದ ಹೊರಗಡೆ ಉಬ್ಬಿದ ಮೂಳೆ ಅಂಗೈಗೆ ಸಿಗುತ್ತಲ್ಲ, ಪ್ಯಾಡಿನ ನಡುಭಾಗ ಅದರ ಮೇಲೇ ಕೂರಬೇಕು. ಹಿಂದಕ್ಕೆ ಜಾರಿದ ಪ್ಯಾಡ್ ಇದ್ದೂ ಇಲ್ಲದ ಹಾಗೆ.

ಒಬ್ಬರಿಗೆ ಮೂರು ಜೊತೆಯಾದರೂ ಬೇಕು, ಒದ್ದೆ ಮಾಡಿಕೊಳ್ಳೋರಿಗೆ ಐದು. ಲಾಂಡ್ರಿಯವರು ಬಿಸಿ ಡ್ರೈಯರ್‌ಗೆ ಹಾಕಿದರೆ ಫೋಮ್ ಕೆಡುತ್ತೆ, ಲೇಬಲ್ ಓದಿಸು. ಹಿಂಡಿದಾಗ ಮತ್ತೆ ಉಬ್ಬದಿದ್ದರೆ ಬದಲಾಯಿಸು.

ಎಲ್ಲರೂ ಮರೆಯೋದು ರಾತ್ರಿ. ನೈಟಿ ಹಾಕುವಾಗ ಪ್ಯಾಡ್ ಬಿಚ್ಚಿಡ್ತಾರೆ, ಅಜ್ಜಿ ಎದ್ದು ಕತ್ತಲಲ್ಲಿ ಟಾಯ್ಲೆಟ್ಟಿಗೆ ಹೊರಡ್ತಾರೆ. ಗಟ್ಟಿ ಪ್ಲಾಸ್ಟಿಕ್ ಚಿಪ್ಪಿನ ಪ್ಯಾಡ್ ಆದರೆ ಮಗ್ಗುಲಾದಾಗ ಒತ್ತುತ್ತೆ, ರಾತ್ರಿಗೆ ಮೆತ್ತನೆ ಫೋಮಿನದೇ ಕೊಡು. ಇದನ್ನೆಲ್ಲ ಮಾಡುವಾಗ ಊರಲ್ಲಿ ಒಬ್ಬರೇ ಬಚ್ಚಲಿಗೆ ಹೋಗೋ ಅಮ್ಮ ನೆನಪಾಗ್ತಾರೆ. ಊರಿನ ನಿಮ್ಮ ಮನೇಲೂ ಬಚ್ಚಲ ಗೋಡೆಗೊಂದು ಹಿಡಿಕೆ ಹಾಕಿಸು, ಮೊದಲ ಸಂಬಳದಲ್ಲೇ.

ಪ್ಯಾಡ್ ಹಾಕಿದರೆ ಮೂಳೆ ಮುರಿಯೋದೇ ಇಲ್ಲ ಅಂತ ಮಾತು ಕೊಡಬೇಡ. ಕೇರ್ ಹೋಮ್‌ಗಳಲ್ಲಿ ಸೊಂಟದ ಮೂಳೆಮುರಿತ ಸ್ವಲ್ಪ ಕಮ್ಮಿಯಾಗಬಹುದು ಅಂತಷ್ಟೇ 2014ರ ಕಾಕ್ರೇನ್ ವಿಮರ್ಶೆ (ಹಲವು ಅಧ್ಯಯನಗಳನ್ನ ಒಟ್ಟಿಗೆ ತೂಗಿ ನೋಡಿದ ವರದಿ) ಹೇಳಿದ್ದು. ಬೀಳೋದನ್ನೂ ಪ್ಯಾಡ್ ತಪ್ಪಿಸಲ್ಲ. ಚಪ್ಪಲಿ, ಕನ್ನಡಕ, ಬೆಳಕು ನೋಡ್ಕೋಬೇಕು.

ನಮ್ಮೂರಲ್ಲಿ ಅಜ್ಜಿಗೆ ಗದರಿಸಿ ಕಷಾಯ ಕುಡಿಸಿದ ಹಾಗೆ ಇಲ್ಲಿ ನಡೆಯಲ್ಲ. ಸ್ನಾನವಾದ ಮೇಲೆ, ಬಾಗಿಲು ಹಾಕಿ, ಉಳಿದ ಬಟ್ಟೆ ಜೊತೆಗೇ ಕೊಡು. ಊಟದ ಕೋಣೇಲಿ ಎಲ್ಲರ ಮುಂದೆ ಎತ್ತಿ ತೋರಿಸಬೇಡ. ಮೊದಮೊದಲು ಒಂದೆರಡು ಗಂಟೆ ಹಾಕ್ಕೊಂಡರೆ ಸಾಕು. ಮರೆವಿನ ಕಾಯಿಲೆಯಿಂದ ತಾವೇ ತೀರ್ಮಾನಿಸಲಾಗದವರಿಗೆ 2005ರ ಮೆಂಟಲ್ ಕೆಪಾಸಿಟಿ ಆಕ್ಟ್ ಅನ್ನೋ ಕಾನೂನು ಇದೆ. ಮನೆಯವರನ್ನೂ ಕೇಳಿ, ಅವರಿಗೆ ಒಳ್ಳೇದು ಯಾವುದು ಅಂತ ನಿರ್ಧರಿಸಿ ಕೇರ್ ಪ್ಲಾನಲ್ಲಿ, ಅಂದರೆ ಅವರನ್ನ ಹೇಗೆ ನೋಡ್ಕೋಬೇಕು ಅನ್ನೋ ದಾಖಲೇಲಿ, ಬರೀಬೇಕು. ಒಲ್ಲೆ ಅಂದವರ ಚಾರ್ಟಲ್ಲಿ "ಬೇಡ ಅಂದರು" ಅಂತಷ್ಟೇ ಬರೆದು ಮುಗಿಸಬೇಡ. ಬಿಗಿಯೋ, ಸೆಕೆಯೋ, ತುರಿಕೆಯೋ, ಕಾರಣ ಬರೆದು ರಾತ್ರಿ ಡ್ಯೂಟಿಯವರಿಗೂ ಹೇಳಿ ಹೋಗು.