ಮಧುಗಿರಿಯ ಮೈದನಹಳ್ಳಿ ಕೃಷ್ಣಮೃಗಗಳ ಬೇಟೆ ಪರವಾನಗಿ ಹರಾಜು ಹಾಕಿ ಸಂರಕ್ಷಣೆಗೆ ಹಣ ಎತ್ತಬಹುದೇ?

ಆಗದು. ಕೃಷ್ಣಮೃಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಶೆಡ್ಯೂಲ್ 1ರಲ್ಲಿದೆ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿ. ಜನರ ಪ್ರಾಣಕ್ಕೆ ಅಪಾಯವಿದ್ದರೆ, ಇಲ್ಲವೇ ಪ್ರಾಣಿ ಚೇತರಿಸಿಕೊಳ್ಳಲಾರದಷ್ಟು ರೋಗಪೀಡಿತವೋ ಊನವೋ ಆಗಿದ್ದರೆ ಮಾತ್ರ ಮುಖ್ಯ ವನ್ಯಜೀವಿ ಪರಿಪಾಲಕರು ಕೊಲ್ಲಲು ಅನುಮತಿ ಕೊಡಬಹುದು. ಶೇಂಗಾ ಹೊಲ ಮೇಯ್ದಿತು ಎನ್ನುವುದು ಸಾಲದು. ಹಾಗೆ ಕೊಂದರೂ ಕೊಂಬು, ಚರ್ಮ ಸರ್ಕಾರದ ಸ್ವತ್ತು. ಅಂದಮೇಲೆ ಹರಾಜು ಕೂಗುವವನಿಗೆ ಸಿಗುವುದೇನು?

ಹೊರದೇಶದ ಮಾತು ಬೇರೆ. 2014ರಲ್ಲಿ ನಮೀಬಿಯಾದ ಒಂದು ಕಪ್ಪು ಘೇಂಡಾಮೃಗದ ಪರವಾನಗಿ ಅಮೆರಿಕದ ಡಲ್ಲಾಸ್‌ನಲ್ಲಿ 3.5 ಲಕ್ಷ ಡಾಲರಿಗೆ ಹೋಯಿತು. ಸಂತಾನದ ವಯಸ್ಸು ದಾಟಿದ ಗಂಡು ಎಳೆಯವನ್ನು ಇರಿದು ಕೊಲ್ಲುತ್ತದೆ, ಅದೊಂದು ಹೋದರೆ ಕಾವಲಿಗೆ ದುಡ್ಡಾಗುತ್ತದೆ ಎಂಬುದು ಪರವಾದ ವಾದ. ಆ ವಾದ ತಳ್ಳಿಹಾಕುವಂಥದ್ದಲ್ಲ. ಕೆಡುವುದು ಆಯ್ಕೆಯಲ್ಲಿ: ಶಿಕಾರಿಯವನ ಕಣ್ಣು ದೊಡ್ಡ ಕೊಂಬಿನ ಮೇಲೆ. ಕೆನಡಾದ ರಾಮ್ ಮೌಂಟನ್‌ನಲ್ಲಿ ಅಂಥ ಕಾಡು ಟಗರುಗಳನ್ನೇ ವರ್ಷಗಟ್ಟಲೆ ಹೊಡೆದಾಗ ಮುಂದಿನ ಪೀಳಿಗೆಗಳ ಕೊಂಬು ಸಣ್ಣದಾಗುತ್ತ ಬಂತು.